ಅಂಡಮಾನಿನ ತೂಬು

ನಮ್ಮ ಕಡೆಯವರನ್ನ ಅಂಡಮಾನಿಗೆ ಟೂರ್ ಕರಕೊಂಡು ಹೋಗೋದು ನನ್ನ ಕೆಲಸ. ಟಿಕೆಟ್ಟಿಲ್ಲದ ಜಾಗಗಳ ಪಟ್ಟಿ ಸದಾ ಜೇಬಿನಲ್ಲಿರ್ತದೆ. ಅದರಲ್ಲಿ ಒಂದು ಬೀಚಿಗೆ ಅರ್ಧ ಗಂಟೆ ಅಂತ ಬರೆದಿದ್ದೆ. ಒಂದ್ಸಲ ಹೋದಾಗ ಕಡಲು ಇಳಿದು ಬಲು ದೂರ ಸರಿದಿತ್ತು. ದಡದಲ್ಲಿ ಬರೀ ಕೆಸರು, ಕಲ್ಲು.

ಟೂರಿಗೆ ಬಂದಿದ್ದ ಮಾರಿಕಣಿವೆಯ ರಂಗಪ್ಪನವರಿಗೆ ಗಾಬರಿ. ಅಲ್ಲಿನ ಡ್ಯಾಮಿನ ತೂಬು ಎತ್ತಿ ಕಾಲುವೆಗೆ ನೀರು ಬಿಡೋ ನೀರುಗಂಟಿಯಾಗಿದ್ದು ರಿಟೈರಾದವರು.

"ಯಾರಪ್ಪ ಇಷ್ಟು ನೀರು ಬಿಟ್ಟಿದ್ದು? ತೂಬು ಎಲ್ಲೈತೆ?"

ಎಲ್ಲರೂ ನಕ್ಕರು. "ಸಂಜೆಗೆ ತಾನೇ ವಾಪಸ್ ಬರ್ತದೆ, ಬರ್ರಿ ಹೋಗಾಣ" ಅಂದೆ. ಅವರು ನಂಬಲಿಲ್ಲ. "ನೀವು ಹೋಗ್ರಿ, ನಾನು ನೋಡ್ಕಂಡೇ ಬರ್ತೀನಿ" ಅಂತ ಮರಳ ಮೇಲೆ ಕುಂತೇಬಿಟ್ಟರು. ಉಳಿದವರನ್ನ ಮ್ಯೂಸಿಯಮ್ಮಿಗೆ ಕಳಿಸಿ, ಮನಸ್ಸಿನಲ್ಲೇ ಬೈಕೊಂಡು ನಾನೂ ಪಕ್ಕದಲ್ಲಿ ಕುಂತೆ.

ಹೊತ್ತು ಇಳಿಯೋ ಹೊತ್ತಿಗೆ ನೀರು ಮೆಲ್ಲಗೆ ಬಂದು ಅವರ ಪಾದ ಮುಟ್ಟಿತು. ರಂಗಪ್ಪನವರು ಕಾಲು ಎಳಕೊಳ್ಳಲಿಲ್ಲ. ಬಗ್ಗಿ, ಬೆರಳು ಅದ್ದಿ ಕಣ್ಣಿಗೊತ್ತಿಕೊಂಡರು.

"ಜೀವಮಾನವೆಲ್ಲ ನೀರು ಬಿಟ್ಟೋನಪ್ಪ ನಾನು. ಬಿಟ್ಟ ನೀರು ತಿರುಗಿ ಬಂದಿದ್ದು ಇವತ್ತೇ ನೋಡಿದ್ದು."

ಈಗ ಪಟ್ಟಿಯಲ್ಲಿ ಆ ಬೀಚಿಗೆ ಅರ್ಧ ದಿನ ಕೊಟ್ಟಿದೀನಿ. ಅಲ್ಲೇನೈತೆ ಅಂತ ಕೇಳಿದವರಿಗೆ, "ಏನೂ ಇಲ್ಲ, ಬರ್ರಿ, ಕುಂತ್ಕಳ್ರಿ" ಅಂತೀನಿ.