ಗಿಳಿಹಸಿರು ಬ್ಲೌಸ್ ಪೀಸು

ಅಂದು ಲಾರಿ ನೀರು ಹಿಡಿದೆ, ಇಡ್ಲಿಗೆ ರುಬ್ಬಿದೆ, ಒಣಗಿದ ಬಟ್ಟೆ ಮಡಿಸಿದೆ. ಸಂಜೆ ಅಕ್ಕಪಕ್ಕದ ಮನೆಯವರ ಜೊತೆ ಮೇಲಿನ ಮನೆ ಮಾಮಿಯ ಕೌದಿ ನೋಡಲು ಹೋದೆ.

ಚೆನ್ನೈ ಬೆಸೆಂಟ್ ನಗರದ ನಮ್ಮ ಫ್ಲಾಟುಗಳಲ್ಲಿ ಮೆಷಿನ್ ಕಸೂತಿಯ ಹುಚ್ಚು ಇದ್ದದ್ದು ಅವರೊಬ್ಬರಿಗೇ. ದಿಂಬು, ಪರದೆ, ಟೀವಿಯ ಮುಸುಕು, ಎಲ್ಲದರ ಮೇಲೂ ಹೂಬಳ್ಳಿ. "ಬೋಳು ಬಟ್ಟೆ ಕಂಡ್ರೆ ಕೈ ಸುಮ್ಮನಿರಲ್ಲ ಕಣ್ರೀ" ಎಂದು ಹಲ್ಲಲ್ಲಿ ದಾರ ಕಚ್ಚಿಕೊಂಡೇ ಹೇಳುತ್ತಿದ್ದರು. ಆ ವರ್ಷ ತುಂಡು ಜೋಡಿಸಿ ಕೌದಿ ಹೊಲಿಯುವುದನ್ನು ಕಲಿಯತೊಡಗಿದರು. ಮೂಲೆಗೆ ಮೂಲೆ ಕೂಡದೆ ತಿಂಗಳುಗಟ್ಟಲೆ ಬಿಚ್ಚಿ ಬಿಚ್ಚಿ ಹೊಲಿದರು. ಬಟ್ಟೆಗೆ ಬರವಿರಲಿಲ್ಲ. ನವರಾತ್ರಿ ತಾಂಬೂಲದ ಬ್ಲೌಸ್ ಪೀಸುಗಳನ್ನು ನಾವ್ಯಾರೂ ಹೊಲಿಸಿಕೊಳ್ಳದೆ ಮುಂದಿನ ಮನೆಗೆ ದಾಟಿಸುತ್ತಿದ್ದೆವು. ಮಾಮಿ ಅವಕ್ಕೆ ಕತ್ತರಿ ಹಾಕಿಬಿಟ್ಟರು.

ಮಂಚದ ಮೇಲೆ ಕೌದಿ ಹರಡಿ, "ಮೂಲೆ ನೋಡಿ, ಕೂಡಿದೆಯಾ?" ಎಂದರು. ಯಾರೂ ಮೂಲೆ ನೋಡಲಿಲ್ಲ.

"ಈ ಗಿಳಿಹಸಿರು ನಾನ್ ಕೊಟ್ಟಿದ್ದಲ್ವಾ ಮಾಮಿ?" ಎಂದರು ನಮ್ಮ ಎದುರು ಮನೆಯವರು.

"ಸರಿಹೋಯ್ತು. ಅದನ್ನ ನಿಮಗೆ ಕೊಟ್ಟೋಳೇ ನಾನು," ಎಂದರು ಪಕ್ಕದ ಮನೆಯವರು. "ನೀವು ಹೊಲಿಸ್ಕೋಬಾರದಿತ್ತಾ?"

"ನೀವ್ಯಾಕೆ ಹೊಲಿಸ್ಕೊಳ್ಳಲಿಲ್ಲ?"

ನಾನು ಕನ್ನಡಕ ತೆಗೆದು ಒರೆಸತೊಡಗಿದೆ. ಆ ಗಿಳಿಹಸಿರನ್ನು ಮೊದಲು ಅಂಗಡಿಯಿಂದ ತಂದವಳು ನಾನು.

ಮಾಮಿ ಎಲ್ಲರಿಗೂ ಕಾಫಿ ಕೊಟ್ಟು, ಕುಂಕುಮವಿಟ್ಟು ಕಳಿಸಿದರು. ಕನ್ನಡಕ ಮರೆತು ನಾನು ವಾಪಸು ಹೋದರೆ, ಗಿಳಿಹಸಿರಿನ ಮೇಲೆ ಆಗಲೇ ಕೆಂಪು ಹೂವುಗಳು ಒತ್ತೊತ್ತಾಗಿ ಏಳುತ್ತಿದ್ದವು.

"ಮೂಲೆ ಚೆನ್ನಾಗಿ ಕೂಡಿದೆ ಮಾಮಿ," ಎಂದೆ.

ಅವರು ತಲೆ ಎತ್ತಲಿಲ್ಲ. "ತುಂಬಾ ಬೋಳಾಗಿತ್ತು ಕಣ್ರೀ. ಈಗ ಹೇಳಿ, ಇದು ಯಾರ್ದು?"

ರಾತ್ರಿ ನಮ್ಮಲ್ಲಿ ಮೊಸರನ್ನ, ಮಿಡಿ ಉಪ್ಪಿನಕಾಯಿ. ಯಜಮಾನರು ಮೊದಲು ಮಲಗಿದರು. ಮೇಲೆ ಮೆಷಿನ್ ಇನ್ನೂ ಓಡುತ್ತಿತ್ತು.