ಮಡಿಯ ಹೊತ್ತಿನ ಮಾತು

ಆ ದಿನದ ನನ್ನ ದಿನಚರಿಯಲ್ಲಿ ‘ಶ್ರೀನಿವಾಸಪುರ. ಬಸ್ಸು ತಡ’ ಎಂದಷ್ಟೇ ಇದೆ. ಮಿಕ್ಕಿದ್ದು ನೆನಪು. ಅದನ್ನು ನಾನು ಪೂರ್ತಿ ನಂಬುವುದಿಲ್ಲ.

ಎಂಬತ್ತರ ದಶಕದ ಮೊದಲಲ್ಲಿ ಎಂ.ಎ. ಮುಗಿಸಿ ಕೋಲಾರದ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಭಾಷೆಯ ಚರಿತ್ರೆ ಪಾಠ ಮಾಡುತ್ತಿದ್ದೆ. ಶ್ರೀನಿವಾಸಪುರದಿಂದ ಒಂದು ಸಂಬಂಧ ಬಂತು. ಹುಡುಗಿಯನ್ನು ಯಾವುದೋ ಮದುವೆಮನೆಯಲ್ಲಿ ಆಗಲೇ ನೋಡಿದ್ದೆ. ಇನ್ನೊಬ್ಬಳನ್ನು ನೋಡುವ ಮನಸ್ಸಿರಲಿಲ್ಲ. ಮುಳಬಾಗಿಲಿನ ನಮ್ಮ ಮನೆಯಲ್ಲಿ ಒಪ್ಪದೆ ಕೂತವರು ಅಜ್ಜಿ ಒಬ್ಬರೇ. ಹುಡುಗಿಯ ಮನೆಮಾತು ತೆಲುಗು.

ಬೀದಿಯಲ್ಲಿ, ಅಂಗಡಿಯಲ್ಲಿ ನಾವೂ ತೆಲುಗು ಆಡುವವರೇ. ಆದರೆ ಅಜ್ಜಿ ಮಡಿಯುಟ್ಟ ಮೇಲೆ, ಊಟ ಮುಗಿಯುವವರೆಗೆ, ಮನೆಯೊಳಗೆ ಕನ್ನಡ ಬಿಟ್ಟು ಬೇರೆ ಮಾತು ಕೂಡದು.

ನಾನು ಪಾಠ ಶುರುಮಾಡಿದೆ. “ಇಂಗ್ಲಿಷರನ್ನೇ ನೋಡಿ ಅಜ್ಜಿ. ಡೆನ್ಮಾರ್ಕಿನ ಡೇನರು ಲೂಟಿಗೆ ಬಂದು ಅಲ್ಲೇ ಸಂಸಾರ ಹೂಡಿದ್ರು. ಆಕಾಶಕ್ಕೆ, ಚಾಕುಗೆ, ಕೊನೆಗೆ ‘ಅವರು’ ಅನ್ನೋದಕ್ಕೂ ಅವರ ಮಾತೇ ನಿಂತುಹೋಯ್ತು. ಆಮೇಲೆ ಫ್ರೆಂಚ್ ಆಡೋ ದೊರೆಗಳು. ಕೋರ್ಟಿನ ಮಾತೆಲ್ಲ ಅವರದಾಯ್ತು. ಪಾದ್ರಿಗಳ ಲ್ಯಾಟಿನ್ ಬೇರೆ.”

ಮೊಟ್ಟೆಗೂ ಡೇನರ ಮಾತೇ ನಿಂತ ಉದಾಹರಣೆ ಇನ್ನೂ ಚೆನ್ನಾಗಿತ್ತು. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದರಿಂದ ಬಿಟ್ಟೆ.

ಅಜ್ಜಿ ಕೋಲಿನಿಂದ ಮಡಿಸೀರೆ ಹರವುತ್ತಲೇ ಹೇಳಿದರು: “ಅವರಿಗೆ ಮಡಿ ಇಲ್ಲ ಕಣೋ. ಯಾರ ಮನೆ ನೀರಾದರೂ ಕುಡೀತಾರೆ, ಯಾರ ಮಾತಾದರೂ ಆಡ್ತಾರೆ.”

ಹುಡುಗಿಯನ್ನು ನೋಡುವುದಕ್ಕೆ ಮಾತ್ರ ಒಪ್ಪಿದರು. ಅವಳ ಬಾಯಲ್ಲಿ ಒಂದು ತೆಲುಗು ಪದ ಬಂದರೂ ಎದ್ದುಬರುವೆನೆಂದರು. ಈ ಷರತ್ತನ್ನು ನಾನು ಮುಂಚೆಯೇ ಶ್ರೀನಿವಾಸಪುರಕ್ಕೆ ಹೇಳಿಕಳಿಸಿದೆ. ಅವರು ಹುಡುಗಿಯನ್ನು ದಿನವೂ ರೇಡಿಯೋ ವಾರ್ತೆಯ ಮುಂದೆ ಕೂರಿಸಿ ತಯಾರು ಮಾಡಿದ್ದರು.

“ಅಡುಗೆ ಬರುತ್ತೇನಮ್ಮಾ?” ಎಂದು ಅವರ ಮನೆಯಲ್ಲಿ ಕೂತ ಮೇಲೆ ಅಜ್ಜಿ ಕೇಳಿದರು.

“ಪಾಕಶಾಸ್ತ್ರದಲ್ಲಿ ಅಲ್ಪ ಪರಿಶ್ರಮವಿದೆ.”

“ಹಾಡು?”

“ಸಂಗೀತಾಭ್ಯಾಸವು ಪ್ರಗತಿಯಲ್ಲಿದೆ.”

ಅಜ್ಜಿ ನನ್ನ ಕಡೆ ಬಗ್ಗಿ, “ಇವಳು ಮನುಷ್ಯರ ಜೊತೆ ಹೇಗೆ ಮಾತಾಡ್ತಾಳೆ?” ಎಂದು ಎದ್ದೇಬಿಟ್ಟರು. ಒಂದೂ ತೆಲುಗು ಪದವಿಲ್ಲದೆ ಸಂಬಂಧ ಮುರಿಯಿತು ಅಂದುಕೊಂಡೆ.

ಆ ಮನೆಯ ಹೊಸ್ತಿಲು ಎತ್ತರ. ಅಜ್ಜಿಯ ಕಾಲು ಇನ್ನೇನು ಎಡವಬೇಕು, ಹಿಂದಿನಿಂದ ಹುಡುಗಿ ತೆಲುಗಿನಲ್ಲೇ ಕೂಗಿದಳು: “ಅವ್ವಾ, ಗಡಪ! ಜಾಗ್ರತ್ತ!”

“ಚೂಶಾನ್ಲೇ ಅಮ್ಮಾ,” ಎಂದರು ಅಜ್ಜಿ, ನೋಡಿದೆ ಬಿಡಮ್ಮಾ ಎಂದು. ಹೊಸ್ತಿಲನ್ನು ಹುಷಾರಾಗಿ ದಾಟಿದರು.

ತಡವಾಗಿ ಬಂದ ಬಸ್ಸಿನಲ್ಲಿ ಅಜ್ಜಿ ಹೇಳಿದರು: “ಆ ಹುಡುಗಿಗೆ ಮಾತು ಬರುತ್ತೆ ಕಣೋ. ದಿನ ಗೊತ್ತುಮಾಡಿ.”

ಪಾಕಶಾಸ್ತ್ರ ಅಂತ ತಾನು ಅನ್ನಲೇ ಇಲ್ಲ, ಅದು ನಾನು ಸೇರಿಸಿದ್ದು ಎನ್ನುತ್ತಾಳೆ ನನ್ನ ಹೆಂಡತಿ. ಇರಬಹುದು. ಹೊಸ್ತಿಲ ವಿಷಯದಲ್ಲಿ ತಕರಾರಿಲ್ಲ.

ಮದುವೆಯಾದ ಮೇಲೆ ಮನೆಯ ಕಟ್ಟಳೆ ಒಂದು ತಿದ್ದುಪಡಿಯೊಂದಿಗೆ ಮುಂದುವರಿಯಿತು. ಮಡಿಯ ಹೊತ್ತಿನಲ್ಲಿ ಕನ್ನಡವಾಗಲಿ ತೆಲುಗಾಗಲಿ ಆಗಬಹುದು, ವಾರ್ತೆ ಓದಕೂಡದು. ಇಂಗ್ಲಿಷಿನ ಬಗ್ಗೆ ಯಾರೂ ನನ್ನನ್ನು ಕೇಳಲಿಲ್ಲ.