ಬೇರಿನೊಳಗಿನ ಜನ

ಗುಬ್ಬಿ ಕಾಲೇಜಿನ ನಮ್ಮ ಬಯಾಲಜಿ ಮೇಡಂ ಮೊಸರಾಗಲಿ, ಇಡ್ಲಿ ಹಿಟ್ಟಾಗಲಿ, ಮೂಸಿ ನೋಡಿ "ಒಳಗೆ ಜನ ಇದಾರೆ ಕಣ್ರೋ" ಅನ್ನುತ್ತಿದ್ದರು. ಬ್ಯಾಕ್ಟೀರಿಯಾ ಅಂದರೆ ರೋಗ ಅಂತಷ್ಟೇ ಬರೆದವರಿಗೆ ಮಾರ್ಕ್ಸ್ ಕೊಡುತ್ತಿರಲಿಲ್ಲ.

ಒಮ್ಮೆ ಕಡಬದ ನಮ್ಮ ಚಿಕ್ಕಪ್ಪ ಅಲಸಂದೆಯ ಬೇರಲ್ಲಿ ಗಂಟುಗಳನ್ನು ಕಂಡು, ಹಿಂದೆ ಟೊಮ್ಯಾಟೊ ಹಾಳು ಮಾಡಿದ ಗಂಟುರೋಗವೇ ಇದು ಎಂದು ಇಡೀ ಹೊಲ ಕೀಳಲು ಹೊರಟಿದ್ದರು. ನಾನು ಮೇಡಂ ಅವರನ್ನು ಕರೆತಂದೆ. ಅವರು ಒಂದು ಗಂಟನ್ನು ಉಗುರಿನಿಂದ ಸೀಳಿದರು. ಒಳಗೆ ನಸುಗೆಂಪಾಗಿತ್ತು.

"ಒಳಗೆ ಹೀಗೆ ಕೆಂಪಗಿದ್ರೆ ರೋಗ ಅಲ್ಲ. ಇಲ್ಲಿರೋ ಬ್ಯಾಕ್ಟೀರಿಯಾ ಗಾಳಿಯಿಂದ ಗೊಬ್ಬರ ಮಾಡುತ್ತೆ. ಅದಕ್ಕೇ ಗಿಡ ಊಟ ಹಾಕಿ ಸಾಕ್ಕೊಂಡಿದೆ," ಎಂದರು.

ಚಿಕ್ಕಪ್ಪ ಕಿತ್ತಿದ್ದ ಗಿಡವನ್ನು ಮತ್ತೆ ನೆಡಲು ನೋಡಿದರು.

ಈಗ ಕೊಯ್ಲಾದ ಮೇಲೂ ಅವರು ಅಲಸಂದೆಯ ಬೇರು ಕೀಳಲು ಯಾರಿಗೂ ಬಿಡುವುದಿಲ್ಲ. "ಮೇಲ್ಮೇಲೆ ಕುಯ್ಕೊಂಡು ಬೇರು ಅಲ್ಲೇ ಬುಡು," ಅನ್ನುತ್ತಾರೆ. "ಒಳಗೆ ಜನ ಅವ್ರೆ."